ಎಚ್‌ಒ ಬಾಕ್ಸ್‌ಕಾರ್ ಕಿಟ್ ಮೊದಲ ಸಲ ಜೋಡಿಸ್ತಿದ್ದೀನಿ: ಯಾವುದು ಮೊದಲು, ಯಾವುದು ಆಮೇಲೆ?

ಲೂಪ್‌ಲೈನ್_4 (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಇದು ಮಾಡೆಲ್ ರೈಲಿನ ಕಿಟ್: ಅಮೆರಿಕದ 40 ಅಡಿ ಸ್ಟೀಲ್ ಬಾಕ್ಸ್‌ಕಾರ್‌ದು (ಮುಚ್ಚಿದ ಸರಕು ಗಾಡಿ), ಎಚ್‌ಒ ಅಳತೆ, ಅಂದ್ರೆ ಅಸಲಿಯ 1:87. ಇನ್ನೂ ಒಂದು ತುಂಡನ್ನೂ ಕತ್ತರಿಸಿಲ್ಲ. ಪೆಟ್ಟಿಗೆಯಲ್ಲಿ ಇರೋದು: ಬಣ್ಣ, ಅಕ್ಷರ ಮೊದಲೇ ಹಾಕಿರೋ ಬಾಡಿ, ನೆಲ, ಅಂಡರ್‌ಫ್ರೇಮ್, ಎರಡು ಬಾಗಿಲು, ಚಾವಣಿ ಮೇಲಿನ ನಡೆಹಲಗೆ, ತೂಕಕ್ಕೆ ಒಂದು ಕಬ್ಬಿಣದ ತಗಡು, ಎರಡು ಟ್ರಕ್ (ಚಕ್ರ ಕೂರೋ ಚೌಕಟ್ಟು), ನಾಲ್ಕು ಜೋಡಿ ಪ್ಲಾಸ್ಟಿಕ್ ಚಕ್ರ, ಪ್ಲಾಸ್ಟಿಕ್ ಕಪ್ಲರ್ (ಗಾಡಿಗೆ ಗಾಡಿ ಜೋಡಿಸೋ ಕೊಂಡಿ), ಬ್ರೇಕಿನ ಚಿಕ್ಕಪುಟ್ಟ ಭಾಗಗಳಿರೋ ಒಂದು ಸ್ಪ್ರೂ ಕಡ್ಡಿ, ಎರಡು ಸ್ಕ್ರೂ. ಸೂಚನೆ ಒಂದೇ ಹಾಳೆ, ಅದರಲ್ಲೂ ಚಿತ್ರವೇ ಜಾಸ್ತಿ.

ಕೇಳಬೇಕಾಗಿರೋದು ಇಷ್ಟು. ಯಾವ ಕ್ರಮದಲ್ಲಿ ಜೋಡಿಸಬೇಕು? ಯಾವ ಜಾಗಕ್ಕೆ ಯಾವ ಅಂಟು? ಕೊಟ್ಟಿರೋ ತಗಡಿನ ತೂಕ ಸಾಕಾ? ಪ್ಲಾಸ್ಟಿಕ್ ಚಕ್ರ, ಕಪ್ಲರ್ ಬದಲಾಯಿಸಲೇಬೇಕು ಅಂತಾರಲ್ಲ, ಅದು ನಿಜವಾ, ಸುಮ್ನೆ ಖರ್ಚಾ? ನನ್ನ ಹಳಿಯ ತಿರುವು 18 ಇಂಚು ರೇಡಿಯಸ್‌ದು.

ಮೈಲಿಗಲ್ಲು

ಲೂಪ್‌ಲೈನ್ ಅವರೇ, ಹಾಳೆಯಲ್ಲಿ ಏನೇ ಬರೆದಿರಲಿ, ನೀವು ಕೆಳಗಿನಿಂದ ಶುರು ಮಾಡಿ. ಮೊದಲು ಚಕ್ರ ಮತ್ತು ಟ್ರಕ್, ಆಮೇಲೆ ತಗಡು, ಆಮೇಲೆ ಕಪ್ಲರ್. ಬಾಡಿಯನ್ನ ಅಂಟಿಲ್ಲದೆ ಬರೀ ಕೂರಿಸಿ ತೂಕ ನೋಡಿ, ಹಳಿ ಮೇಲೆ ಓಡಿಸಿ. ಬ್ರೇಕು, ಬಾಗಿಲು, ನಡೆಹಲಗೆ ಎಲ್ಲಾ ಅದಾದ ಮೇಲೆ. ಯಾಕಂದ್ರೆ ಬ್ರೇಕ್ ಚಕ್ರ, ನಡೆಹಲಗೆ ಅಂಟಿಸಿದ ಗಾಡೀನ ಮಗುಚಿ ಹಾಕಿ ಟ್ರಕ್ ಸ್ಕ್ರೂ ತಿರುಗಿಸೋಕೆ ಹೋದ್ರೆ ಮೊದಲು ಮುರಿಯೋದು ಅವೇ.

(ಒಂದು ಪದದ ಗೊಂದಲ ಮೊದಲೇ ಬಗೆಹರಿಸ್ತೀನಿ. ಅಮೆರಿಕದವರು ಟ್ರಕ್ ಅನ್ನೋದನ್ನೇ ನಮ್ಮ ರೈಲ್ವೆ ವರ್ಕ್‌ಶಾಪಿನವರು ಬೋಗಿ ಅಂತಾರೆ. ನಮ್ಮ ಜನ ಬೋಗಿ ಅನ್ನೋದು ಇಡೀ ಡಬ್ಬಿಗೆ. ಹಾಗಾಗಿ ಇಲ್ಲಿ ಟ್ರಕ್ ಅಂತಲೇ ಇರಲಿ.)

ಚಕ್ರ. ನಿಮ್ಮ ಗಾಡಿಗೆ ಬೇಕಾಗಿರೋದು 33 ಇಂಚಿನ ಚಕ್ರ, ಎಚ್‌ಒನಲ್ಲಿ ಸುಮಾರು 9.6 ಮಿ.ಮೀ. ವ್ಯಾಸ. 36 ಇಂಚಿನದು 100 ಟನ್ ಗಾಡಿಗಳಿಗೆ, ತಪ್ಪಿ ಅದನ್ನ ತಂದು ಹಾಕಿದ್ರೆ ಗಾಡಿ ಎತ್ತರವಾಗಿ ಕಪ್ಲರ್ ಲೆಕ್ಕವೆಲ್ಲಾ ಕೆಡುತ್ತೆ. ಪ್ಲಾಸ್ಟಿಕ್ ಚಕ್ರ ಹಳಿ ಮೇಲಿನ ಕೊಳೆಯನ್ನ ಮೆತ್ತಿಕೊಳ್ಳುತ್ತೆ, ಲೋಹದ್ದು ಅಷ್ಟು ಮೆತ್ತಿಕೊಳ್ಳಲ್ಲ, ಹಗುರವಾಗಿ ಉರುಳುತ್ತೆ, ಜೊತೆಗೆ ಕೆಳಗಡೆ ಒಂದಿಷ್ಟು ತೂಕವನ್ನೂ ಕೊಡುತ್ತೆ. ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಹಾಕೋದಾದ್ರೆ ಚಕ್ರಕ್ಕೇ ಹಾಕಿ. ಆದ್ರೆ ಆ್ಯಕ್ಸಲ್ ಉದ್ದ ಎಲ್ಲಾ ತಯಾರಕರದ್ದೂ ಒಂದೇ ಇರಲ್ಲ. ಕೂದಲೆಳೆಯಷ್ಟು ಉದ್ದ ಜಾಸ್ತಿಯಾದ್ರೂ ಟ್ರಕ್ಕಿನ ಪಕ್ಕದ ಚೌಕಟ್ಟು ಹೊರಕ್ಕೆ ಉಬ್ಬಿ ಚಕ್ರ ಹಿಡಿಯುತ್ತೆ, ಕಡಿಮೆಯಾದ್ರೆ ಆ್ಯಕ್ಸಲ್ ಅಡ್ಡಡ್ಡ ಆಡುತ್ತೆ. ಮೇಲಿನಿಂದ ಇಣುಕಿ ನೋಡಿ: ಎರಡೂ ಪಕ್ಕ ಒಂದಕ್ಕೊಂದು ನೇರವಾಗಿ ಇರಬೇಕು. ಬಾಯಿಂದ ಊದಿದ್ರೆ ಚಕ್ರ ಕೆಲವು ಸೆಕೆಂಡ್ ತಿರುಗಿ ನಿಧಾನಕ್ಕೆ ನಿಲ್ಲಬೇಕು, ಗಕ್ಕಂತ ನಿಲ್ಲಬಾರದು. ಗಕ್ಕಂತ ನಿಂತ್ರೆ ಆ್ಯಕ್ಸಲ್ ತುದಿ ಕೂರೋ ಕುಳಿಯಲ್ಲಿ ಅಚ್ಚಿನ ಜುಂಗು ಉಳಿದಿದೆ ಅಂತ ಅರ್ಥ. ಅದಕ್ಕೆ ಟ್ರಕ್ ಟ್ಯೂನರ್ ಅಂತ ಒಂದು ಪುಟ್ಟ ಉಪಕರಣ ಬರುತ್ತೆ: ಆ್ಯಕ್ಸಲ್ ಜಾಗಕ್ಕೆ ಕೂರಿಸಿ ನಾಲ್ಕೈದು ಸುತ್ತು ತಿರುಗಿಸಿದ್ರೆ ಕುಳಿ ಚೊಕ್ಕ. ಅಷ್ಟೇ ಸುತ್ತು. ಜಾಸ್ತಿ ಕೆರೆದ್ರೆ ಕುಳಿ ಆಳವಾಗಿ ಗಾಡಿ ತಗ್ಗುತ್ತೆ.

ಎರಡು ಚಕ್ರದ ನಡುವಿನ ಅಂತರವನ್ನ ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಗೇಜಿನಲ್ಲಿ ನೋಡಿ. ಅದೊಂದು ಸ್ಟೀಲ್ ಹಾಳೆ, ಅದರ ಎರಡು ಕಚ್ಚಿಗೂ ಚಕ್ರದ ಅಂಚು ಸಲೀಸಾಗಿ ಕೂರಬೇಕು. ಅಂತರ ಕಡಿಮೆಯಿದ್ರೆ ಪಾಯಿಂಟ್‌ಗಳ (ಹಳಿ ಕವಲೊಡೆಯೋ ಜಾಗ) ಮೇಲೆ ಗಾಡಿ ಹಾರುತ್ತೆ, ನೇರ ಹಳಿಯಲ್ಲಿ ಗೊತ್ತೇ ಆಗಲ್ಲ. ಲೋಹದ ಚಕ್ರವನ್ನ ಆ್ಯಕ್ಸಲ್ ಮೇಲೆ ತಿರುಚುತ್ತಾ ಎಳೆದ್ರೆ ಸರಿಯುತ್ತೆ.

ತಗಡು. ಎಲ್ಲರೂ ಬೇಗ ದಾಟಿಬಿಡೋ ಹಂತ, ಮುಂದೆ ತೊಂದರೆ ಹುಟ್ಟೋದು ಇಲ್ಲೇ. ಮೊದಲು ತಗಡನ್ನ ಗಾಜಿನ ಮೇಲೆ ಇಟ್ಟು ಬೆರಳಲ್ಲಿ ಒಂದೊಂದೇ ಮೂಲೆ ಒತ್ತಿ. ಟಕ್ ಟಕ್ ಅಂದ್ರೆ ಅದು ಬಾಗಿದೆ. ಬಾಗಿದ ತಗಡನ್ನ ಹಾಗೇ ಅಂಟಿಸಿದ್ರೆ ನೆಲವೂ ಬಾಗುತ್ತೆ, ನೆಲ ಬಾಗಿದ್ರೆ ಎರಡೂ ತುದಿಯ ಕಪ್ಲರ್ ಮೂತಿ ಮೇಲಕ್ಕೋ ಕೆಳಕ್ಕೋ ಹೋಗುತ್ತೆ. ಆಮೇಲೆ ನೀವು ಕಪ್ಲರನ್ನ ಬೈಕೊಂಡು ಕೂತಿರ್ತೀರಿ. ವೈಸ್‌ನಲ್ಲಿ ಮೆಲ್ಲಗೆ ನೇರ ಮಾಡಿ, ಕತ್ತರಿಸಿದ ಅಂಚಿನ ಚೂಪನ್ನ ಅರದಲ್ಲಿ ಉಜ್ಜಿ ತೆಗೀರಿ.

ಅಂಟಿಸೋಕೆ ಪ್ಲಾಸ್ಟಿಕ್ ಸಿಮೆಂಟ್ ಬೇಡ, ಅದು ಲೋಹವನ್ನ ಹಿಡಿಯಲ್ಲ. ರಬ್ಬರ್ ಅಂಟನ್ನ (ಚಪ್ಪಲಿ, ರೆಕ್ಸಿನ್‌ಗೆ ಹಾಕ್ತಾರಲ್ಲ, ಅದೇ ಜಾತಿ) ಎರಡೂ ಕಡೆ ತೆಳ್ಳಗೆ ಸವರಿ, ಕೈಗೆ ಅಂಟದಷ್ಟು ಆರೋವರೆಗೂ 10-15 ನಿಮಿಷ ಬಿಟ್ಟು ಒತ್ತಿ. ದಪ್ಪಗೆ ಮೆತ್ತಿ ತಕ್ಷಣ ಬಾಡಿ ಮುಚ್ಚಿದ್ರೆ ಅಂಟಿನ ಆವಿ ಒಳಗೇ ಉಳಿದು ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡುತ್ತೆ, ಮಾರನೇ ದಿನ ಪಕ್ಕದ ಗೋಡೆ ಹೊಟ್ಟೆ ಬಿಟ್ಟಿರುತ್ತೆ. ಭಯ ಇದ್ರೆ ಒಳ್ಳೆ ಡಬಲ್ ಸೈಡ್ ಟೇಪೇ ಸಾಕು.

ತೂಕ. ಎನ್‌ಎಂಆರ್‌ಎ (1935ರಲ್ಲಿ ಶುರುವಾದದ್ದು) ಹೇಳೋ ಲೆಕ್ಕ: ಎಚ್‌ಒ ಗಾಡಿಗೆ 1 ಔನ್ಸ್, ಮೇಲೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ನಮ್ಮ ಅಳತೆಯಲ್ಲಿ 28 ಗ್ರಾಂ, ಜೊತೆಗೆ ಸೆಂ.ಮೀ.ಗೆ 5.6 ಗ್ರಾಂ. 40 ಅಡಿ ಬಾಕ್ಸ್‌ಕಾರಿನ ಬಾಡಿ ಸುಮಾರು 14.6 ಸೆಂ.ಮೀ., ಅಂದ್ರೆ ಗುರಿ 110 ಗ್ರಾಂ. ಬರೀ ಕಿಟ್ಟಿನ ತಗಡಿನಿಂದ ಸಾಮಾನ್ಯವಾಗಿ ಅಷ್ಟಾಗಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕೊರತೆ ತುಂಬೋಕೆ ಪಂಕ್ಚರ್ ಅಂಗಡಿಯಲ್ಲಿ ವ್ಹೀಲ್ ಬ್ಯಾಲೆನ್ಸಿಂಗ್‌ಗೆ ಹಾಕೋ ಅಂಟುಪಟ್ಟಿ ಕೇಳಿ, 5 ಗ್ರಾಂ, 10 ಗ್ರಾಂ ತುಂಡುಗಳಾಗಿ ಸಿಗುತ್ತೆ, ಹಿಂದೆ ಅಂಟು ಇದ್ದೇ ಇರುತ್ತೆ. ತೂಕ ತಳದಲ್ಲೇ ಇರಲಿ, ಎರಡೂ ಟ್ರಕ್ಕಿನ ಮೇಲೆ ಸಮನಾಗಿ. ಚಾವಣಿಯ ಒಳಮೈಗೆ ಅಂಟಿಸಿದ್ರೆ ತಿರುವಿನಲ್ಲಿ ತೂಗಾಡುತ್ತೆ.

ಗುರಿ ಮೀರಿ ಇನ್ನೂ ಹೇರೋದೂ ತಪ್ಪೇ. ಹತ್ತು ಗಾಡಿ ಸೇರಿದಾಗ ಏರಿನಲ್ಲಿ ಎಂಜಿನ್ ಚಕ್ರ ಜಾರುತ್ತೆ. ಹಗುರದ ಗಾಡಿ ನಡುವೆ, ಭಾರದ್ದು ಹಿಂದೆ ಇದ್ರೆ ತಿರುವಿನಲ್ಲಿ ಹಗುರದ್ದು ಒಳಕ್ಕೆ ಬೀಳುತ್ತೆ. ಎಲ್ಲಾ ಗಾಡಿಯೂ ಒಂದೇ ಲೆಕ್ಕದಲ್ಲಿರೋದು ಮುಖ್ಯ.

ಟ್ರಕ್ ಸ್ಕ್ರೂ. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಕುಣಿಯಲ್ಲ, ನಾಲ್ಕು ಕಾಲಿಂದು ಕುಣಿಯುತ್ತೆ. ಗಾಡಿಗೂ ಅದೇ ನ್ಯಾಯ. ಒಂದು ಟ್ರಕ್ಕನ್ನ ಪಕ್ಕಕ್ಕೆ ಓಲಾಡದಂತೆ, ಆದ್ರೆ ಎಡಕ್ಕೂ ಬಲಕ್ಕೂ ಆರಾಮಾಗಿ ತಿರುಗುವಂತೆ ಬಿಗಿ ಮಾಡಿ. ಇನ್ನೊಂದನ್ನ ಪೂರ್ತಿ ಬಿಗಿ ಮಾಡಿ ಅರ್ಧ ಸುತ್ತು ಹಿಂದಕ್ಕೆ ಬಿಡಿ, ಅದು ಓಲಾಡಬೇಕು. ಎರಡೂ ಬಿಗಿಯಾದ್ರೆ ಹಳಿಯ ತಗ್ಗು ಸಿಕ್ಕಿದಲ್ಲಿ ಒಂದು ಚಕ್ರ ಗಾಳಿಯಲ್ಲಿ. ಎರಡೂ ಸಡಿಲವಾದ್ರೆ ಕುಡಿದವನ ಹಾಗೆ ತೂರಾಡುತ್ತೆ.

ಆಮೇಲೆ ಪರೀಕ್ಷೆ: 1 ಮೀಟರ್ ಹಲಗೆ ಮೇಲೆ ಹಳಿ ಹಾಕಿ ಒಂದು ತುದಿಯನ್ನ 2 ಸೆಂ.ಮೀ. ಎತ್ತಿ. 2% ಇಳಿಜಾರು. ತಾನಾಗೇ ಉರುಳಿದ್ರೆ ಪಾಸು. 18 ಇಂಚು ತಿರುವಿನ ಚಿಂತೆ ಬಿಡಿ, 40 ಅಡಿ ಗಾಡಿಗೆ ಅದು ಸಾಕು. 89 ಅಡಿಯ, ಕಾರು ಸಾಗಿಸೋ ಆಟೊರ‍್ಯಾಕ್ ತರೋ ದಿನ ಯೋಚಿಸೋಣ.

ಸಿಂಗಲ್‌ಲೈನ್_ಧಾರವಾಡ

ಕಪ್ಲರ್ ಸುದ್ದಿ ನಾ ಹೇಳ್ತೀನ್ರಿ. ಕಿಟ್ ಒಳಗಿನ ಪ್ಲಾಸ್ಟಿಕ್ ಕಪ್ಲರ್ ನಡೀತಾವ, ನಡೆಯಂಗಿಲ್ಲ ಅಂತೇನಿಲ್ಲ. ಆದ್ರ ಉದ್ದ ರೈಲು ಎಳದಾಗ ಕಪ್ಲರಿನ ಬೆರಳಿನಂಥ ಕೊಕ್ಕಿ ಮಣದು ಬಿಚ್ಚಿಕೋತಾವ. ಲೋಹದ್ದು ಬೇಕಂದ್ರ ಕೇಡೀ ಕಂಪನಿಯ 148 ತರಸ್ರಿ. ಅದಕ್ಕ ಮೀಸಿ ಹಂಗ ಎರಡು ತೆಳು ಸ್ಪ್ರಿಂಗ್ ಅದರ ಬಾಲಕ್ಕೇ ಕೂಡಿರ್ತಾವ, ಗಾಡಿ ತುದಿಯ ಕಪ್ಲರ್ ಡಬ್ಬಿಯೊಳಗ ಇಟ್ಟು ಮುಚ್ಚಿದ್ರ ಆತು. ಹಳೇ ನಂಬರ್ 5ಕ್ಕ ಬ್ಯಾರೆ ತಾಮ್ರಬಣ್ಣದ ಸ್ಪ್ರಿಂಗ್ ತಟ್ಟಿ ಇರತೈತಿ, ಹೊಸಬರಿಗೆ ಅದು ಕೈಗೆ ಸಿಗಂಗಿಲ್ಲ, ಮಂಚದ ಕೆಳಗ ಸಿಗತೈತಿ. ಕೆಲಸ ಮಾಡೂಮುಂದ ಎರಡೂ ಕೈ ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದಾಗ ಹಾಕ್ಕೊಂಡು ಕೂಡ್ರಿ, ಹಾರಿದ್ದು ಚೀಲದಾಗ ಉಳೀತದ.

ಇಡೂಕಿಂತ ಮೊದ್ಲ ಡಬ್ಬಿ ಒಳಗಿನ ಮೂಲಿ ಚಾಕುವಿನ ತುದೀಲೆ ಕೆರದು ಜುಂಗು ತಗೀರಿ. ಕಪ್ಲರ್ ಇಟ್ಟು ಮುಚ್ಚಳ ಒತ್ತಿ ಹಿಡದು, ಮೂತಿ ಬದಿಗೆ ಎಳದು ಬಿಡ್ರಿ. ತಾನಾಗಿ ನಟ್ಟನಡು ಬಂದು ನಿಂದರಬೇಕು. ಬರದಿದ್ರ ಎಣ್ಣಿ ಹಾಕಬ್ಯಾಡ್ರಿ, ಎಣ್ಣಿ ಧೂಳು ಹಿಡೀತದ. ಕೀಲಿಗೆ ಹಾಕೂ ಒಣ ಗ್ರಾಫೈಟ್ ಪುಡಿ ಒಂದು ಚಿಟಿಕಿ ಸಾಕು, ಇಲ್ಲಂದ್ರ 6ಬಿ ಪೆನ್ಸಿಲ್ ಮೊನಿ ಉಪ್ಪುಕಾಗದಕ್ಕ ತಿಕ್ಕಿ ಪುಡಿ ಮಾಡ್ಕೋರಿ.

ಮುಚ್ಚಳಕ್ಕ ಅಂಟು ಹಾಕೂದು ದೊಡ್ಡ ತಪ್ಪು. ತೆಳು ಸಿಮೆಂಟ್ ಸಂದಿ ಹುಡುಕ್ಕೋತ ಓಡತೈತಿ, ಕಪ್ಲರ್ ಸೈತ ಬೆಸದು ಬಿಡತೈತಿ. ಡಬ್ಬಿ ನಡುವಿನ ಗೂಟಕ್ಕ 1.6 ಮಿ.ಮೀ. ತೂತು ಹೊಡೀರಿ, ಮುಚ್ಚಳದ ತೂತು 2.2 ಮಾಡ್ರಿ, ಎಂ2 ಸ್ಕ್ರೂ ಹಾಕ್ರಿ. ಅಮೆರಿಕದವರು 2-56 ಸ್ಕ್ರೂ ಅಂತಾರ, ಅದು ನಮ್ಮ ಕಡೆ ಸಿಗೂದು ಕಡಿಮಿ, ಎಂ2 ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಸಾಮಾನಿನ ಅಂಗಡ್ಯಾಗ ಸಿಗತಾವ. ಉದ್ದ ಜಾಸ್ತಿ ಇದ್ರ ತುದಿ ಒಳಗಿನ ತಗಡಿಗೆ ತಾಗಿ ಮುಚ್ಚಳ ಬಿಗಿ ಆಗಂಗಿಲ್ಲ, ಅಳದು ಕತ್ತರಿಸ್ರಿ.

ಎತ್ತರ: ಹಳಿ ತಲಿಯಿಂದ ಕಪ್ಲರ್ ನಡುಮಟ್ಟಕ್ಕ 9.9 ಮಿ.ಮೀ. ಕಣ್ಣಳತಿ ನಂಬಬ್ಯಾಡ್ರಿ, ಕೇಡೀ 205 ಗೇಜ್ ಒಂದು ತಗೊಂಡ್ರ ಜೀವಮಾನ ಸಾಕು. ಕಪ್ಲರ್ ಕೆಳಗ ಜೋತಾಡೂ ತಂತಿ ಹಳಿಗಿಂತ ಸುಮಾರು 0.8 ಮಿ.ಮೀ. ಮ್ಯಾಲ ಇರಬೇಕು. ತಗ್ಗಿದ್ರ ಪಾಯಿಂಟ್‌ನ್ಯಾಗ ಸಿಕ್ಕೊಂಡು ಗಾಡಿ ಎತ್ತಿ ಒಗೀತದ.

ಪ್ರೇರಿ_ಪೋರಿ (ಇಲಿನಾಯ್)

ಮೇಲಿನ ಇಬ್ಬರೂ ಓಡೋ ಭಾಗ ಹೇಳಿದ್ದಾರೆ, ನಾನು ಉಳಿದದ್ದು ಹೇಳ್ತೀನಿ.

ಉಪಕರಣ: ಒಂದು ಫ್ಲಶ್ ಕಟರ್, ಹೊಸ ಬ್ಲೇಡಿನ ಹಾಬಿ ಚಾಕು, ಚೂಪು ಚಿಮಟ, 400 ಮತ್ತು 600 ನಂಬರಿನ ಉಪ್ಪುಕಾಗದ, ಸಣ್ಣ ಅರ, ಕೈಯಲ್ಲಿ ತಿರುಗಿಸೋ ಪಿನ್ ವೈಸ್ (ಪುಟ್ಟ ಡ್ರಿಲ್). ಇಷ್ಟೇ. ಭಾಗವನ್ನ ಸ್ಪ್ರೂನಿಂದ ಬೆರಳಲ್ಲಿ ತಿರುಚಿ ಕೀಳಬೇಡಿ, ಬಿಳಿ ಕಲೆ ಬೀಳುತ್ತೆ, ತೆಳುವಾದದ್ದು ಮುರಿಯುತ್ತೆ. ಮೊದಲು 2 ಮಿ.ಮೀ. ದೂರದಲ್ಲಿ ಕತ್ತರಿಸಿ, ಆಮೇಲೆ ಉಳಿದ ತುದಿಯನ್ನ ಚಾಕುವಿನಿಂದ ಎರಡು ಸಲಕ್ಕೆ ಹೆರೆದು ತೆಗೀರಿ.

ಸ್ಟೈರೀನ್‌ಗೆ (ಬಾಡಿಯ ಪ್ಲಾಸ್ಟಿಕ್) ಸ್ಟೈರೀನ್ ಜೋಡಿಸೋಕೆ ತಮಿಯಾ ಕಂಪನಿಯ ಹಸಿರು ಮುಚ್ಚಳದ ತೆಳು ಸಿಮೆಂಟ್. ಅದನ್ನ ಸವರಿ ಒತ್ತೋದಲ್ಲ. ಎರಡು ಭಾಗ ಮೊದಲೇ ಕೂಡಿಸಿ ಹಿಡಿದು, ಬ್ರಷ್ಷಿನ ತುದಿಯನ್ನ ಸಂದಿಗೆ ತಾಗಿಸಿ, ತಾನೇ ಒಳಕ್ಕೆ ಹರಿಯುತ್ತೆ. ನಿಮ್ಮ ಬೆರಳು ಸಂದಿ ಮೇಲೆ ಇದ್ರೆ ಅದರ ಕೆಳಗೂ ಹರಿದು ಬಾಡಿ ಮೇಲೆ ನಿಮ್ಮ ಹೆಬ್ಬೆಟ್ಟಿನ ಗುರುತು ಶಾಶ್ವತ. ಬಣ್ಣ ಇರೋ ಮೈ ಮೇಲೆ ಅಂಟು ಸರಿಯಾಗಿ ಹಿಡಿಯಲ್ಲ, ಆ ಚುಕ್ಕೆಯಷ್ಟು ಬಣ್ಣ ಕೆರೆದು ಹಾಕಿ. ಸಿಮೆಂಟನ್ನ ಇಲ್ಲಿಂದ ಬರೋ ನೆಂಟರ ಸೂಟ್‌ಕೇಸಿನಲ್ಲಿ ಕಳಿಸಿ ಅಂತ ಯಾರನ್ನೂ ಕೇಳಬೇಡಿ, ಬೆಂಕಿ ಹತ್ತೋ ವಸ್ತು, ವಿಮಾನದಲ್ಲಿ ಬಿಡಲ್ಲ. ಪ್ಲಾಸ್ಟಿಕ್ ಮಾಡೆಲ್ ಸಾಮಾನು ಮಾರೋ ಅಂಗಡಿಗಳಲ್ಲಿ ಅಲ್ಲೇ ಸಿಗುತ್ತೆ. ಫೆವಿಕ್ವಿಕ್ ಲೋಹದ ತಂತಿ ಕೂರಿಸೋಕೆ ಸರಿ, ಸೂಜಿ ತುದಿಯಲ್ಲಿ ಒಂದು ಹನಿ. ಜಾಸ್ತಿಯಾದ್ರೆ ಸುತ್ತ ಬಿಳಿ ಮಂಜು ಕಟ್ಟುತ್ತೆ. ಟ್ರಕ್ಕಿನ ಜಾರು ಪ್ಲಾಸ್ಟಿಕ್ಕಿಗೆ (ಅಸಿಟಾಲ್) ಯಾವ ಸಿಮೆಂಟೂ ಹಿಡಿಯಲ್ಲ, ಪ್ರಯತ್ನವೇ ಬೇಡ.

ಬ್ರೇಕಿನಲ್ಲಿ ಮೂರು ತುಂಡು: ಉದ್ದನೆ ಗಾಳಿ ತೊಟ್ಟಿ, ಗಂಟುಗಂಟಾದ ವಾಲ್ವ್, ಒಂದು ಕಡೆ ಚೂಪಾದ ಸಿಲಿಂಡರ್. ಇದು ಎಬಿ ಬ್ರೇಕ್, 1933ರಲ್ಲಿ ಬಂದದ್ದು. ಕೈಬ್ರೇಕಿನ ಚಕ್ರ ಇರೋ ತುದಿಯನ್ನ ಬಿ ಎಂಡ್ ಅಂತಾರೆ, ನೆಲವನ್ನ ಬಾಡಿಗೆ ಕೂರಿಸುವಾಗ ಹಿಂದುಮುಂದಾಗದಂತೆ ಇದನ್ನ ಗುರುತಿಟ್ಟುಕೊಳ್ಳಿ. ನೆಲದ ಒಳಗಡೆ ಪೆನ್ಸಿಲ್ಲಲ್ಲಿ "ಬಿ" ಅಂತ ಬರೆದುಬಿಡಿ.

ಇನ್ನೊಂದು: ಚಾವಣಿ ನಡೆಹಲಗೆ ಅಂಟಿಸೋ ಮುಂಚೆ ಪಕ್ಕದಲ್ಲಿರೋ ಸಣ್ಣ ಅಕ್ಷರಗಳನ್ನ ಲೆನ್ಸಿನಲ್ಲಿ ಓದಿ. ಕಟ್ಟಿದ ತಿಂಗಳು, ವರ್ಷ ಅಲ್ಲೇ ಇರುತ್ತೆ. 1966ರಿಂದ ಹೊಸ ಬಾಕ್ಸ್‌ಕಾರ್‌ಗಳನ್ನ ನಡೆಹಲಗೆ ಇಲ್ಲದೆ ಕಟ್ಟೋಕೆ ಶುರುವಾಯ್ತು, ಹಳೆಯವುಗಳಿಂದ ನಿಧಾನಕ್ಕೆ ಕಿತ್ತರು. ನಿಮ್ಮದು 1940, 50ರ ದಶಕದ ರೈಲಾದ್ರೆ ಹಲಗೆ ಬೇಕೇ ಬೇಕು.

ಮೊದಲ ಕಿಟ್ಟಿಗೆ ಬಣ್ಣದ ಗೋಜಿಗೆ ಹೋಗಬೇಡಿ. ಹೊಳೆಯೋ ಕಪ್ಪು ಅಂಡರ್‌ಫ್ರೇಮ್‌ಗೆ ಮಾತ್ರ ಮಂಕು ಬೂದುಗಪ್ಪು ಅಕ್ರಿಲಿಕ್ ಒಂದು ಕೈ. ಟ್ರಕ್ಕಿಗೆ ಹಚ್ಚಿದ್ರೆ ಆ್ಯಕ್ಸಲ್ ಕುಳಿಗೆ ಬಣ್ಣ ಇಳಿಯಬಾರದು. ಅಕ್ಯುರೇಲ್ ತರಹದ ಕಿಟ್‌ಗಳಲ್ಲಿ ಏಣಿ, ಹಿಡಿಕೆ ಎಲ್ಲಾ ಬಾಡಿಗೇ ಅಚ್ಚಾಗಿರುತ್ತೆ, ಕಲಿಯೋಕೆ ಅವೇ ಸರಿ. ಟಿಚಿಯ ಕಿಟ್‌ಗಳು ಮೂರನೆಯದೋ ನಾಲ್ಕನೆಯದೋ ಆಗಲಿ. ಅವು ಬಣ್ಣವಿಲ್ಲದ ಬೂದು ಪ್ಲಾಸ್ಟಿಕ್ ತುಂಡುಗಳು, ಕೆಲಸ ತುಂಬಾ, ಫಲವೂ ಚೆಂದ.

ಲೂಪ್‌ಲೈನ್_4 (ಬೆಂಗಳೂರು)

ಎಲ್ಲರಿಗೂ ಥ್ಯಾಂಕ್ಸ್. ಲೋಹದ ಚಕ್ರ, 148 ಹಾಕಿ, ಬಾಡಿ ಬರೀ ಕೂರಿಸಿ ತೂಕ ನೋಡಿದೆ: 84 ಗ್ರಾಂ. ಇಳಿಜಾರಿನಲ್ಲಿ ಚೆನ್ನಾಗಿ ಉರುಳುತ್ತೆ. ಆದ್ರೆ ಬಿ ಎಂಡ್ ಕಪ್ಲರ್ ಗೇಜಿಗಿಂತ ಸುಮಾರು ಅರ್ಧ ಮಿ.ಮೀ. ಕೆಳಗೆ. ಇನ್ನೊಂದು ತುದಿ ಸರಿಯಾಗಿದೆ. ಇನ್ನೊಂದು ತಪ್ಪು: ಟ್ರಕ್ ಸ್ಕ್ರೂ ಅತಿಯಾಗಿ ತಿರುಗಿಸಿ ಅದೇ ತುದಿಯ ತೂತಿನ ಮರೆ ಹೋಗಿದೆ, ಸ್ಕ್ರೂ ಹಿಡೀತಾನೇ ಇಲ್ಲ.

ಮೈಲಿಗಲ್ಲು

ಮೊದಲು ತೂತು. ಸ್ಪ್ರೂ ಕಡ್ಡಿಯ ಒಂದು ತುಂಡನ್ನ ತೂತಿಗೆ ಬಿಗಿಯಾಗಿ ಹೋಗೋ ಹಾಗೆ ಹೆರೆದು, ಸಿಮೆಂಟ್ ಹಾಕಿ ತುರುಕಿ. 24 ಗಂಟೆ ಮುಟ್ಟಬೇಡಿ. ಆಮೇಲೆ ಮಟ್ಟಸ ಕತ್ತರಿಸಿ ನಡುವೆ 1.6 ಮಿ.ಮೀ. ಕೊರೆದು ಎಂ2 ಹಾಕಿ. ಒಂದು ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ನಿಧಾನಕ್ಕೆ. ಮಿಷನ್ ಡ್ರಿಲ್ ಬೇಡ, ಬಿಸಿಗೆ ಪ್ಲಾಸ್ಟಿಕ್ ಕರಗುತ್ತೆ.

ಎತ್ತರಕ್ಕೆ ವಾಷರ್ ಹಾಕೋ ಮುಂಚೆ ಕಾರಣ ಹುಡುಕಿ. ಟ್ರಕ್ ಬಿಚ್ಚಿ, ಗಾಡಿ ಮಗುಚಿ, ಸ್ಟೀಲ್ ಸ್ಕೇಲನ್ನ ನೆಲದ ಉದ್ದಕ್ಕೂ ಇಟ್ಟು ಬೆಳಕಿಗೆ ಹಿಡೀರಿ. ಸಂದಿ ಕಂಡ್ರೆ ನೆಲ ಬಾಗಿದೆ, ತಗಡನ್ನ ಎಬ್ಬಿಸಿ ನೇರ ಮಾಡೋದೇ ದಾರಿ. ನೆಲ ನೇರ ಇದ್ರೆ ಕಪ್ಲರ್ ಮೂತಿಯನ್ನ ಮೇಲೆ ಕೆಳಗೆ ಆಡಿಸಿ ನೋಡಿ. ಆಡಿದ್ರೆ ಡಬ್ಬಿಯ ಮುಚ್ಚಳ ಸಡಿಲ, ಸ್ಕ್ರೂ ಬಿಗಿ ಮಾಡಿದ್ರೆ ಮುಗೀತು, ಬೇಕಿದ್ರೆ ಒಳಗೆ ತೆಳು ಪ್ಲಾಸ್ಟಿಕ್ ಹಾಳೆಯ ಚೂರು ಕೊಡಿ. ಎರಡೂ ಸರಿಯಿದ್ರೆ ಮಾತ್ರ ಟ್ರಕ್ ಮತ್ತು ಬಾಡಿ ನಡುವೆ ಫೈಬರ್ ವಾಷರ್. ಕೇಡೀಯವರದ್ದು 0.25 ಮತ್ತು 0.38 ಮಿ.ಮೀ. ದಪ್ಪದಲ್ಲಿ ಬರುತ್ತೆ, ನಿಮಗೆ 0.25ರದ್ದು ಎರಡು. ವಾಷರ್ ಹಾಕಿದ ಮೇಲೆ ಗಾಡಿ ಒಂದು ತುದಿ ಎತ್ತಿಕೊಂಡ ಹಾಗೆ ಕಂಡ್ರೆ ವಾಷರ್ ತೆಗೆದು ಅಂಡರ್‌ಸೆಟ್ ಕಪ್ಲರ್ ಹಾಕಿ, ಅದರ ಬಾಲ ಕೆಳಗಿದ್ದು ತಲೆ ಮೇಲಿರುತ್ತೆ.

ತೂಕಕ್ಕೆ 5 ಗ್ರಾಂ ಪಟ್ಟಿ ಐದು: ಒಂದೊಂದು ಟ್ರಕ್ಕಿನ ಮೇಲೆ ಎರಡೆರಡು, ನಡುವೆ ಒಂದು. 109 ಆಗುತ್ತೆ, ಸಾಕು.

ಸಿಂಗಲ್‌ಲೈನ್_ಧಾರವಾಡ

ಮುಂದ ಹಾಪರ್ ಗಾಡಿ (ಕಲ್ಲಿದ್ದಲಿನಂಥ ಸರಕು ಕೆಳಗಿಂದ ಸುರಿಯೂ ಗಾಡಿ) ಕಟ್ಟೂದಿದ್ರ ಒಂದು ಮಾತು ಈಗ ಹೇಳಿ ಇಡ್ತೀನ್ರಿ. ಹಾಪರ್‌ನ್ಯಾಗ ತೂಕ ಮುಚ್ಚಾಕ ಜಾಗ ಇರಂಗಿಲ್ಲ, ಅದಕ್ಕ ಮಂದಿ ಇಳಿಜಾರು ತಗಡಿನ ಕೆಳಗ ಸೀಸದ ಗುಂಡು ತುಂಬಿ ಬಿಳಿ ಫೆವಿಕಾಲ್ ಹಾಕ್ತಾರ. ಹಂಗ ಮಾಡಬ್ಯಾಡ್ರಿ. ಸೀಸ, ಬಿಳಿ ಅಂಟು ಕೂಡಿ ವರ್ಷಗಟ್ಟಲೆ ನಿಧಾನಕ್ಕ ಬಿಳಿ ಪುಡಿ ಆಗಿ ಉಬ್ಬತಾವ, ಬಾಡಿ ಹೊಲಿಗಿ ಬಿಚ್ಚಿಕೋತೈತಿ. ಸ್ಟೀಲ್ ತುಂಡು, ರಬ್ಬರ್ ಅಂಟು ಬಳಸ್ರಿ. ಸೀಸ ಮುಟ್ಟಿದ್ರ ಕೈ ತೊಳಕೊಂಡ ಚಾ ಕುಡೀರಿ.

ಲೂಪ್‌ಲೈನ್_4 (ಬೆಂಗಳೂರು)

ಮುಚ್ಚಳವೇ ಸಡಿಲ ಇತ್ತು. ಎಂ2 ಇನ್ನೊಂದು ಸುತ್ತು ಬಿಗಿ ಮಾಡಿದ ಮೇಲೆ ಗೇಜಿಗೆ ಸರಿಯಾಗಿ ಕೂತಿದೆ, ವಾಷರ್ ಬೇಕಾಗಲಿಲ್ಲ. ಟ್ರಕ್ ತೂತಿಗೆ ಕಡ್ಡಿ ತುರುಕಿದ್ದೀನಿ, ನಾಳೆ ಸಂಜೆ ಕೊರೀತೀನಿ.